ಮೆಕಾಂಗಿನಲ್ಲಿ ನಾನು ತೆಗೆದ ತೂಬು

ಕಾರಟಗಿ ಬಿಟ್ಟಾಗ

ವಿಮಾನ ಹತ್ತುವ ಮೊದಲೇ ನನಗೆ ಎರಡು ಚಿಂತೆ ಹತ್ತಿಕೊಂಡಿದ್ದವು. ಎರಡನೇ ಬೆಳೆಗೆ ಬಿಟ್ಟ ಕಾಲುವೆ ನೀರು ನಮ್ಮ ಕೊನೆಭಾಗದ ಗದ್ದೆಗೆ ಮುಟ್ಟುತ್ತದೋ ಇಲ್ಲವೋ ಎನ್ನುವುದು ಒಂದು. ಮುಟ್ಟಿದ ದಿನ ನಮ್ಮ ಮನೆಯವರು ಎಚ್ಚರ ಇರುತ್ತಾರೋ ಇಲ್ಲವೋ ಎನ್ನುವುದು ಇನ್ನೊಂದು. ಕಾರಟಗಿ ಕಡೆ ಭತ್ತ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಕಾಲುವೆಯ ಮೇಲ್ಭಾಗದವರು ಉಂಡು ಕೈ ತೊಳೆದ ಮೇಲೆ ಉಳಿದದ್ದು ನಮ್ಮದು. ಅದು ಬರುವ ಹೊತ್ತಿಗೆ ಗದ್ದೆಯ ತೂಬು ತೆರೆದಿರಬೇಕು. ಮುಚ್ಚಿದ್ದರೆ ನೀರು ಮುಂದೆ ಹೋಗಿ ಹಳ್ಳ ಸೇರುತ್ತದೆ, ನಮ್ಮನ್ನು ಎಬ್ಬಿಸಲು ಯಾರೂ ಬರುವುದಿಲ್ಲ.

ನೀರಿನ ವಿಷಯದಲ್ಲಿ ಕೆಲಸ ಮಾಡುವ ಸಂಸ್ಥೆಯೊಂದು ಕೊಪ್ಪಳ ಜಿಲ್ಲೆಯಿಂದ ನಾಲ್ವರು ರೈತರನ್ನು ಆರಿಸಿ ವಿಯೆಟ್ನಾಮಿಗೆ ಕಳಿಸಿತು. ಮಳೆ, ನದಿ, ಸಮುದ್ರ ಎಲ್ಲ ತಮ್ಮ ರೀತಿ ಬದಲಿಸಿದಾಗ ಅಲ್ಲಿಯವರು ಏನು ಮಾಡುತ್ತಾರೆ ನೋಡಿ ಬನ್ನಿ ಅಂದರು. ಕುಷ್ಟಗಿ ಮತ್ತು ಯಲಬುರ್ಗಾದಿಂದ ಬಂದ ಇಬ್ಬರು ಗಂಡಸರನ್ನು ಬೇರೆ ಹಳ್ಳಿಗೆ ಹಾಕಿದರು. ನನ್ನ ಜೊತೆಗೆ ಬಂದವಳು ಕುಕನೂರಿನ ರಾಜಾಬಿ. ಅವಳದು ಎರೆ ಹೊಲ, ಮಳೆ ನೀರು ಹಿಡಿಯುವ ಒಂದು ಕೃಷಿಹೊಂಡ, ಅದರ ಸುತ್ತ ಮೆಣಸಿನಗಿಡ. ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಹತ್ತು ಪಟ್ಟು ಸಮಾಧಾನದವಳು. ವಿಮಾನದಲ್ಲಿ ಕೊಟ್ಟ ಕುಡಿಯುವ ನೀರಿನಲ್ಲಿ ಅರ್ಧ ಕುಡಿದು ಅರ್ಧವನ್ನು ಮುಚ್ಚಳ ಬಿಗಿದು ಚೀಲದಲ್ಲಿ ಇಟ್ಟುಕೊಂಡಳು. ನಾನು ನನ್ನದನ್ನು ಒಂದೇ ಗುಟುಕಿಗೆ ಮುಗಿಸಿ ಇನ್ನೊಂದು ಕೇಳಿದೆ. ಕಾಲುವೆಯವರಿಗೂ ಹೊಂಡದವರಿಗೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಯಿತು.

ಮಾತಿಗೆ ಮಾತ್ರ ಫೋನೇ ಗತಿ. ನಾವು ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಯಲ್ಲಿ ಹೇಳುತ್ತದೆ, ಅವರು ಹೇಳಿದ್ದನ್ನು ನಮಗೆ ಕನ್ನಡದಲ್ಲಿ ಹೇಳುತ್ತದೆ. ಆದರೆ ನಮ್ಮ ಕಡೆಯ ಮಾತು ಅದಕ್ಕೆ ಹತ್ತಲೇ ಇಲ್ಲ. ‘ಊಟಾ ಆತೇನ್ರಿ’ ಅಂದರೆ ಅದು ಸುಮ್ಮನೆ ಕೂತಿತು. ‘ನಿಮ್ಮ ಊಟ ಮುಗಿಯಿತೇ’ ಅಂದಾಗ ಗಟಗಟ ಅಂತ ಮಾತಾಡಿತು. ಹದಿನೈದು ದಿನ ನಾವಿಬ್ಬರೂ ಸಾಲಿಯ ಮಾಸ್ತರರ ಹಾಗೆ ಮಾತಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಮೊದಲ ದಿನ: ಅಕ್ಕ ನಾಲ್ಕು

ಮೆಕಾಂಗ್ ನದಿ ಸಮುದ್ರ ಸೇರುವ ಮೊದಲು ಹತ್ತಾರು ಕವಲಾಗಿ ಒಡೆಯುತ್ತದೆ. ಆ ಕವಲುಗಳ ನಡುವಿನ ಒಂದು ಹಳ್ಳಿಯಲ್ಲಿ ನಮ್ಮನ್ನು ಇಳಿಸಿದರು. ಮನೆಯಾಕೆ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅಲ್ಲಿ ಮಕ್ಕಳನ್ನು ಹುಟ್ಟಿದ ಸಂಖ್ಯೆಯಿಂದಲೇ ಕರೆಯುವ ರೂಢಿ. ಅದರಲ್ಲೂ ಹಿರಿಯ ಮಗುವಿಗೆ ಒಂದು ಅನ್ನುವುದಿಲ್ಲ, ಎರಡು ಅನ್ನುತ್ತಾರೆ. ಹಾಗಾಗಿ ಮೂರನೆಯವಳಾದ ಈಕೆ ನಾಲ್ಕು. ನಾಲ್ಕಕ್ಕೆ ಅವರ ಮಾತಲ್ಲಿ ‘ತು’, ಅಕ್ಕನಿಗೆ ‘ಚೀ’. ಗೌರವದಿಂದ ಕರೆಯಬೇಕಾದರೆ ‘ಚೀ ತು’ ಅನ್ನಬೇಕು. ಉಂಡ ಮನೆಯವಳನ್ನು ಹೀಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ರಾಜಾಬಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಎರಡು ದಿನಕ್ಕೆ ಅದೂ ರೂಢಿಯಾಯಿತು.

ಮನೆಯ ಹಿಂದೆ ಆಳೆತ್ತರದ ಮಣ್ಣಿನ ಗುಡಾಣಗಳು ಸಾಲಾಗಿ ಇದ್ದವು, ಎಲ್ಲದರಲ್ಲೂ ಮಳೆ ನೀರು. ಅದು ಕುಡಿಯಲು. ಗದ್ದೆಯ ಮೂರು ಕಡೆ ಆಳವಾದ ಕಂದಕ, ಅದರಲ್ಲೂ ತುಂಬಿ ನಿಂತ ನೀರು. ಅದು ಬೆಳೆಗೆ. ಗದ್ದೆಯಾಚೆ ದೊಡ್ಡ ಕಾಲುವೆ. ಕಾಲುವೆಗೂ ಕಂದಕಕ್ಕೂ ನಡುವೆ ಒಡ್ಡಿನಲ್ಲಿ ಒಂದು ಕೊಳವೆ, ಅದರ ಬಾಯಿಗೆ ಮರದ ಹಲಗೆಯ ತೂಬು. ಬೀಗ ಇರಲಿಲ್ಲ. ನಮ್ಮಲ್ಲಿ ತೂಬಿಗೆ ಬೀಗ ಜಡಿದು ಕೀಲಿಯನ್ನು ಉಡಿಯಲ್ಲಿ ಕಟ್ಟಿಕೊಂಡು ಮಲಗುತ್ತೇವೆ. ಇವರು ಎಷ್ಟು ಸುಖಿಗಳು ಅಂದುಕೊಂಡೆ.

ಭತ್ತ ತೆನೆ ಬಿಟ್ಟು ಹಾಲುಗಟ್ಟುವ ಹೊತ್ತು. ನಾನು ಒಂದು ತೆನೆ ಹಿಡಿದು ಒತ್ತಿ ನೋಡಿದೆ, ಬೆರಳಿಗೆ ಬಿಳಿ ಹಾಲು ಹತ್ತಿತು. ಇನ್ನೆರಡು ವಾರ ನೀರು ಬೇಕೇ ಬೇಕು ಅಂತ ನಾನು ಕೈಸನ್ನೆಯಲ್ಲಿ ಹೇಳಿದ್ದಕ್ಕೆ ಚೀ ತು ಕಂದಕ ತೋರಿಸಿ ಹೌದೆಂದು ತಲೆಯಾಡಿಸಿದಳು. ಬೇಸಿಗೆ ಬಂದಂತೆ ನದಿಯ ನೀರು ಕಡಿಮೆಯಾಗಿ ಸಮುದ್ರದ ಉಪ್ಪು ಒಳಗೆ ಬರುತ್ತದೆ ಎಂದು ಫೋನು ಹೇಳಿತು. ಸಮುದ್ರ ಎಲ್ಲಿದೆ ಅಂತ ಕೇಳಿದೆ. ಬಸ್ಸಿನಲ್ಲಿ ಹೋದರೆ ಅರ್ಧ ದಿನದ ದಾರಿಯಂತೆ. ಹಾಗಾದರೆ ಚಿಂತೆಯಿಲ್ಲ, ಉಪ್ಪು ಅಲ್ಲೇ ಎಲ್ಲೋ ಇರುತ್ತದೆ ಎಂದು ನಾನು ತಿಳಿದೆ. ಕೇಳಿದ್ದು ಅರ್ಧ, ತಿಳಿದದ್ದು ಕಾಲುಭಾಗ, ಆದರೂ ಎಲ್ಲ ಗೊತ್ತಾದವರ ಹಾಗೆ ಗೋಣು ಆಡಿಸಿದೆ.

ಎರಡನೆಯ ದಿನ, ಬೆಳಿಗ್ಗೆ

ಬೆಳಕು ಹರಿದಿತ್ತು. ಚೀ ತು ಗಂಡನ ಜೊತೆ ದೋಣಿಯಲ್ಲಿ ಸಂತೆಗೆ ಹೋಗಿದ್ದಳು. ಊರಿನ ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಒಬ್ಬ ಹೆಂಗಸು ಏನೋ ಓದುತ್ತಿದ್ದಳು. ನಮ್ಮ ಗುಡಿಯಲ್ಲಿ ಬೆಳಿಗ್ಗೆ ಹಾಡು ಹಾಕುವ ಹಾಗೆ ಇವರದೂ ಏನೋ ಇರಬೇಕೆಂದು ಕಿವಿಗೆ ಹಾಕಿಕೊಳ್ಳದೆ ನಾನೂ ರಾಜಾಬಿಯೂ ಗದ್ದೆಯ ಕಡೆ ಹೊರಟೆವು.

ನಿನ್ನೆ ಸಂಜೆ ತಳ ಕಾಣುತ್ತಿದ್ದ ಕಾಲುವೆ ಈಗ ದಡದವರೆಗೆ ತುಂಬಿ ಹರಿಯುತ್ತಿತ್ತು. ತೂಬು ಮುಚ್ಚಿತ್ತು. ಕಂದಕದಲ್ಲಿ ನಿನ್ನೆಗಿಂತ ನಾಲ್ಕು ಬೆರಳು ನೀರು ಇಳಿದಿತ್ತು. ಮನೆಯಲ್ಲಿ ಯಾರೂ ಇಲ್ಲ. ಪಾಪ, ಸಂತೆಗೆ ಹೋಗಿ ನೀರು ಕಳಕೊಂಡರಲ್ಲ ಅಂತ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೂವತ್ತು ವರ್ಷ ಕಾಲುವೆಯ ಕೊನೆಯಲ್ಲಿ ಬಾಳಿದವಳು ನಾನು. ಹರಿಯುವ ನೀರು, ಮುಚ್ಚಿದ ತೂಬು, ಇವೆರಡನ್ನೂ ಒಟ್ಟಿಗೆ ನೋಡಿ ಸುಮ್ಮನಿರುವುದು ನನ್ನ ಕೈಗೆ ಗೊತ್ತಿಲ್ಲ.

“ಅಕ್ಕಾರ, ಮಂದಿ ಹೊಲ ಐತಿ. ಕೇಳದ ಮುಟ್ಟಬ್ಯಾಡ್ರಿ,” ಅಂದಳು ರಾಜಾಬಿ.

“ಕೇಳಾಕ ಹೋಗಿ ಬರೂದ್ರಾಗ ನೀರು ಹೋಗಿರತೈತಿ. ನಿನಗ ಕಾಲುವಿ ಗೊತ್ತಿಲ್ಲ, ಸುಮ್ಮನಿರು,” ಅಂದೆ.

ಸೀರೆ ಎತ್ತಿ ಕಟ್ಟಿ ಒಡ್ಡು ಇಳಿದು ಹಲಗೆಯನ್ನು ಎಳೆದೆ. ಬಿಗಿಯಾಗಿತ್ತು, ಎರಡನೇ ಸಲಕ್ಕೆ ಬಂತು. ನೀರು ಭೋರೆಂದು ಕಂದಕಕ್ಕೆ ನುಗ್ಗಿತು. ಆ ಸದ್ದು ಕೇಳಿ ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಪರದೇಶದಲ್ಲಿ ಒಂದು ಉಪಕಾರ ಮಾಡಿದೆ ಅಂದುಕೊಂಡು ಒಡ್ಡಿನ ಮೇಲೆ ಕೂತೆ. ನೀರು ಒಳಗೆ ಹೋಗುವುದನ್ನು ನೋಡುತ್ತ ಬಹಳ ಹೊತ್ತು ಕೂತೆ.

ಕಾಲುವೆಯಲ್ಲಿ ದೋಣಿ ನಡೆಸಿಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ನಮ್ಮನ್ನು ನೋಡಿ ಕೂಗಿದಳು. ನಾನು ಕೈ ಬೀಸಿದೆ. ಆಕೆ ದೋಣಿಯನ್ನು ಹಾಗೇ ಬಿಟ್ಟು ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿ, ಎದೆಮಟ್ಟ ನೀರಿನಲ್ಲಿ ಬಂದು ನನ್ನ ಕೈಯಿಂದ ಹಲಗೆ ಕಿತ್ತುಕೊಂಡು ತೂಬು ಮುಚ್ಚಿದಳು. ಆಮೇಲೆ ಕಂದಕದಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಉಗುಳಿದಳು. ನನಗೂ ಹಾಗೆ ಮಾಡು ಎಂದು ತೋರಿಸಿದಳು.

ರಾಜಾಬಿ ನನಗಿಂತ ಮೊದಲು ನೆಕ್ಕಿದಳು.

“ಉಪ್ಪು ಐತ್ರಿ ಅಕ್ಕಾರ,” ಅಂದಳು, ಭಾಳ ಮೆಲ್ಲಗೆ.

ನಾನೂ ನೆಕ್ಕಿದೆ. ಉಪ್ಪು ಕಡಿಮೆ ಬಿದ್ದ ಸಾರಿನಷ್ಟು ಇತ್ತು, ಅಷ್ಟೆ. ಆದರೆ ಹಾಲುಗಟ್ಟುವ ಭತ್ತಕ್ಕೆ ಅಷ್ಟು ಸಾಕು ಅಂತ ನನಗೆ ಯಾರೂ ಹೇಳಬೇಕಿರಲಿಲ್ಲ. ನಮ್ಮ ಊರಿನ ತಗ್ಗಿನಲ್ಲೂ ಸವಳು ಏರಿ ಬೆಳ್ಳಗಾದ ಗದ್ದೆಗಳಿವೆ. ನಮ್ಮಲ್ಲಿ ಉಪ್ಪು ನೆಲದೊಳಗಿಂದ ಮೇಲೆ ಬರುತ್ತದೆ. ಹರಿಯುವ ನೀರೇ ಉಪ್ಪು ಹೊತ್ತು ತರುತ್ತದೆ ಎಂಬುದು ನನ್ನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿಯ ಕಾಲುವೆ ದಿನಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದಂತೆ, ಸಮುದ್ರ ಉಬ್ಬಿದಾಗ ಒಳಗೆ, ಇಳಿದಾಗ ಹೊರಗೆ. ಧ್ವನಿವರ್ಧಕದಲ್ಲಿ ಆ ಹೆಂಗಸು ಓದಿದ್ದು ಹಾಡಲ್ಲ. ಇವತ್ತು ಉಪ್ಪು ಏರಿದೆ, ಯಾರೂ ತೂಬು ತೆಗೆಯಬೇಡಿ ಅಂತ ಮೂರು ಮೂರು ಸಲ ಹೇಳಿದ್ದಳಂತೆ.

ಅದೇ ದಿನ

ಚೀ ತು ಬಂದಳು. ಸುದ್ದಿ ಆಕೆಗಿಂತ ಮೊದಲು ಅವಳ ಫೋನಿಗೆ ಹೋಗಿತ್ತು, ಹಳ್ಳಿಯವರೆಲ್ಲರದೂ ಒಂದು ಗುಂಪು ಇದೆ. ಸಂತೆಯ ಚೀಲವನ್ನು ದೋಣಿಯಲ್ಲೇ ಬಿಟ್ಟು ನೇರ ಗದ್ದೆಗೆ ನಡೆದಳು. ನಾನು ಅವಳ ಕಾಲಿಗೆ ಬೀಳಲು ಬಗ್ಗಿದೆ. ಆಕೆಗೆ ಅದು ಏನೆಂದು ತಿಳಿಯದೆ ನನ್ನ ಚಪ್ಪಲಿಗೆ ಏನಾಯಿತು ಅಂತ ನೋಡಿದಳು. ನಗುವ ಪ್ರಸಂಗವಾಗಿದ್ದರೆ ನಗುತ್ತಿದ್ದೆ. ಬೈದಿದ್ದರೂ ಹಗುರವಾಗುತ್ತಿತ್ತು. ಆಕೆ ಬೈಯಲೇ ಇಲ್ಲ.

ಅಕ್ಕಪಕ್ಕದ ಮನೆಯವರು ಪೆನ್ನಿನಷ್ಟು ಉದ್ದದ ಅಳತೆಯ ಯಂತ್ರ ಹಿಡಿದು ಬಂದರು. ಒಬ್ಬೊಬ್ಬರು ಕಂದಕದ ಒಂದೊಂದು ಕಡೆ ಅದ್ದಿ ನೋಡಿ, ಯಂತ್ರದ ಮೇಲೆ ನಂಬಿಕೆ ಇಲ್ಲದವರ ಹಾಗೆ ನಾಲಿಗೆಗೂ ಹಚ್ಚಿ ನೋಡಿ, ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಉಪ್ಪು ಇನ್ನೂ ಗದ್ದೆಯೊಳಗೆ ಹೋಗಿರಲಿಲ್ಲ, ಆದರೆ ಮಳೆಗಾಲದಿಂದ ಕೂಡಿಟ್ಟ ಕಂದಕದ ನೀರು ಕೆಟ್ಟಿತ್ತು. ಮಧ್ಯಾಹ್ನ ಸಮುದ್ರ ಇಳಿದಾಗ ತೂಬು ತೆಗೆದು ಆ ನೀರನ್ನೆಲ್ಲ ಹೊರಗೆ ಬಿಟ್ಟರು. ಎರಡು ವಾರದ ನೀರು ಎರಡು ತಾಸಿನಲ್ಲಿ ಖಾಲಿಯಾಯಿತು. ನಾನು ಒಡ್ಡಿನ ಮೇಲೆ ನಿಂತು ಅದನ್ನು ನೋಡಿದೆ. ನನ್ನ ಗದ್ದೆಯ ನೀರು ಹೋದಾಗಲೂ ಅಷ್ಟು ಸಂಕಟ ಆಗಿದ್ದು ನೆನಪಿಲ್ಲ.

ಈಗ ನೀರು ಎಲ್ಲಿಂದ? ಎಲ್ಲರ ಕಂದಕದಲ್ಲೂ ಅವರವರ ಬೆಳೆಗೆ ಆಗುವಷ್ಟೇ ಇತ್ತು. ದೋಣಿಯ ಹೆಂಗಸಿನದು ತೆಂಗಿನ ತೋಟ. ತೆಂಗು ಒಂದಿಷ್ಟು ಉಪ್ಪು ತಡೆಯುತ್ತದೆ. ಆಕೆ ಎಲ್ಲರನ್ನೂ ತನ್ನ ತೋಟದೊಳಗಿನ, ಸಿಹಿನೀರು ಕೂಡಿಟ್ಟ ಕಾಲುವೆಗೆ ಕರೆದೊಯ್ದು, ಒಂದು ಬಿದಿರು ಕೋಲನ್ನು ನೀರಿನಲ್ಲಿ ಊರಿ, ಅದಕ್ಕೊಂದು ಕೆಂಪು ದಾರ ಕಟ್ಟಿದಳು. ನೀರು ಈ ದಾರದವರೆಗೆ ಇಳಿಯುವ ತನಕ ಒಯ್ಯಬಹುದು, ಅದರ ಕೆಳಗೆ ಒಂದು ಕೊಡವೂ ಇಲ್ಲ, ನನ್ನ ಸಸಿಗಳೂ ಬದುಕಬೇಕು ಎಂದಳು. ಹಲ್ಲು ಕಿರಿಯಲಿಲ್ಲ, ಉಪಕಾರದ ಮಾತೂ ಆಡಲಿಲ್ಲ.

ನಾನು ಬೀಗದ ಮಾತು ತೆಗೆದೆ. ತೂಬಿಗೆ ಬೀಗ ಇದ್ದಿದ್ದರೆ ನನ್ನಂಥವಳ ಕೈಗೆ ಸಿಗುತ್ತಿರಲಿಲ್ಲ ಅಂತ ಫೋನಿಗೆ ಹೇಳಿದೆ. ದೋಣಿಯ ಹೆಂಗಸು ಕೇಳಿ ಸ್ವಲ್ಪ ಯೋಚಿಸಿ ಉತ್ತರ ಕೊಟ್ಟಳು. ಫೋನಿನ ಕನ್ನಡದಲ್ಲಿ ಅದು ಹೀಗಿತ್ತು: “ಬೀಗ ಇದ್ದಿದ್ದರೆ ನಾನು ಹೇಗೆ ಮುಚ್ಚುತ್ತಿದ್ದೆ?”

ಉಪ್ಪು ಯಾವ ತಾಸಿಗೆ ಏರುತ್ತದೆ ಎಂದು ಈಗ ಹೇಳಲಾಗುವುದಿಲ್ಲವಂತೆ. ಹಾಗಾಗಿ ದಾರಿಯಲ್ಲಿ ಹೋಗುವ ಯಾರೇ ಆಗಲಿ ಯಾರ ತೂಬನ್ನಾದರೂ ಮುಚ್ಚಬಹುದು, ಕೇಳಬೇಕಿಲ್ಲ ಎಂದು ಹಳ್ಳಿಯವರು ಮಾತಾಡಿಕೊಂಡಿದ್ದಾರೆ. ನಮ್ಮ ಕಡೆ ಬೇರೆಯವರ ತೂಬು ಮುಟ್ಟಿದರೆ ತಲೆ ಒಡೆಯುತ್ತವೆ. ಒಂದು ವರ್ಷ ಗಂಗಾವತಿ ಠಾಣೆಯ ಕಟ್ಟೆಯ ಮೇಲೆ ಅಂಥದ್ದೇ ಜಗಳಕ್ಕೆ ನಾನೂ ಒಂದು ದಿನ ಕೂತವಳು.

ಮೂರನೆಯ ದಿನ: ಅರ್ಧ ಗದ್ದೆ

ದಾರ ಕಟ್ಟಿದ ನೀರು ಇಡೀ ಗದ್ದೆಗೆ ಸಾಲದು. ರಾಜಾಬಿ ತೋಟದ ಕಾಲುವೆಯ ಉದ್ದಗಲ ಹೆಜ್ಜೆಯಲ್ಲಿ ಅಳೆದು, ಹೊಂಡದ ಲೆಕ್ಕ ಗೊತ್ತಿದ್ದವಳು, ಅರ್ಧಕ್ಕೆ ಆದೀತು ಅಂದಳು. ಚೀ ತುವಿನ ಗಂಡನೂ ಅದೇ ಹೇಳಿದ. ನಡುವೆ ಒಂದು ಬದು ಹಾಕಿ ಒಂದು ಕಡೆ ಉಳಿಸಬೇಕು, ಇನ್ನೊಂದು ಕಡೆ ಕೈಬಿಡಬೇಕು. ಯಾವ ಕಡೆ ಅಂತ ಹೇಳುವವಳು ಚೀ ತು.

ಆಕೆ ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ಇನ್ನೊಂದು ತುದಿ ಹಿಡಿದು ಗದ್ದೆಯೊಳಗೆ ನಡೆದಳು. ಅರ್ಧ ದಾರಿಯಲ್ಲಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಎರಡು ಹೆಜ್ಜೆ ಸರಿದು ಹಗ್ಗ ಸರಿಸಿದಳು, ಮತ್ತೆ ಒಂದು ಹೆಜ್ಜೆ ಹಿಂದಕ್ಕೆ ಬಂದಳು. ಎರಡೂ ಕಡೆ ತೆನೆ ಒಂದೇ ಥರ ತಲೆದೂಗುತ್ತಿತ್ತು. ನನಗೆ ತಡೆಯಲಾಗದೆ ಅಳು ಬಂತು. ಮನೆಯ ಕಡೆಯ ಅರ್ಧವನ್ನು ಇಟ್ಟುಕೊಂಡು ಕಾಲುವೆಯ ಕಡೆಯದನ್ನು ಬಿಟ್ಟಳು.

ಬದು ಹಾಕುವುದು ಮಾತ್ರ ನನ್ನ ಕೈಗೆ ಬರುವ ಕೆಲಸ. ಕೆಸರಿನಲ್ಲಿ ಇಳಿದು ಹುಲ್ಲು ಬೆರೆಸಿ ಮುದ್ದೆ ಮುದ್ದೆ ಒಟ್ಟಿದೆ. ರಾಜಾಬಿ ತುಳಿದು ಗಟ್ಟಿ ಮಾಡಿದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಸೊಂಟ ಎತ್ತಲಿಲ್ಲ. ಚೀ ತು ನನ್ನ ಬದು ನೋಡಿ ಅಂಗೈಯಲ್ಲಿ ತಟ್ಟಿ ಸರಿಯಾಗಿದೆ ಅನ್ನುವಂತೆ ತಲೆಯಾಡಿಸಿದಳು. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನನ್ನು ಬದುವಿನ ಮೇಲಿಟ್ಟು ಅದರ ಮುಂದೆ ಕೂತಳು. ಒಂದಿಷ್ಟು ಮಾತಾಡಿದಳು. ಫೋನು ಅದನ್ನು ಸುದ್ದಿ ಓದುವ ದನಿಯಲ್ಲಿ ಹೇಳಿತು, ತೂಬಿಗೆ ಬಾಗಿಲು ಅಂದಿತು.

“ಈ ಬಾಗಿಲನ್ನು ನಾನು ಸಹ ತೆರೆದಿದ್ದೇನೆ. ಅದು ಹೊಸ ವರ್ಷದ ಹಬ್ಬದ ನಂತರದ ದಿನವಾಗಿತ್ತು. ನನ್ನ ಅತ್ತೆಯವರು ಪ್ರತಿ ವರ್ಷ ಆ ದಿನ ಬಾಗಿಲು ತೆರೆಯುತ್ತಿದ್ದರು. ಆ ದಿನ ನೀರು ಯಾವಾಗಲೂ ಸಿಹಿಯಾಗಿರುತ್ತಿತ್ತು. ಆ ವರ್ಷ ಉಪ್ಪು ಮೊದಲೇ ಬಂದಿತ್ತು. ನಾನು ರುಚಿ ನೋಡಲಿಲ್ಲ. ಏಕೆಂದರೆ ನನಗೆ ಗೊತ್ತಿತ್ತು. ಇಡೀ ಗದ್ದೆ ಸತ್ತಿತು.”

ಅದಕ್ಕೇ ಬೈದಿರಲಿಲ್ಲ. ನಾನು ಪರದೇಶದವಳು, ತಿಳಿಯದೆ ಮಾಡಿದೆ ಅಂತ ನಿನ್ನೆಯಿಂದ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಸಮಾಧಾನವೂ ಹೋಯಿತು. ಆಕೆ ಅಲ್ಲೇ ಹುಟ್ಟಿ ಅಲ್ಲೇ ಬಾಳಿದವಳು, ಅತ್ತೆಯಿಂದ ಕಲಿತವಳು. ತಿಳಿದೇ ಮಾಡಿದ್ದಳು. ತಿಳಿದದ್ದು ಅಷ್ಟರಲ್ಲಿ ಹಳೆಯದಾಗಿತ್ತು. ಹೆದರಿಕೆ ಎನ್ನುವುದು ನನಗೆ ನಿಜವಾಗಿ ಹತ್ತಿದ್ದು ಆಗ.

ಅವಳಿಗೆ ನನ್ನ ಸಂಗತಿ ಹೇಳಿದೆ. ನಮ್ಮ ಓಣಿಯಲ್ಲಿ ಭತ್ತದ ಸಸಿ ಮಡಿ ಯಾವತ್ತು ಹಾಕಬೇಕು ಅಂತ ನನ್ನನ್ನು ಕೇಳುತ್ತಾರೆ, ನಾನು ಹೇಳಿದ ದಿನ ಹಾಕುತ್ತಾರೆ, ಡ್ಯಾಮಿನ ನೀರು ಕಾಲುವೆಗೆ ಬರುವುದೂ ಸಸಿ ನಾಟಿಗೆ ಬರುವುದೂ ಸರಿಹೊಂದುವಂತೆ ಲೆಕ್ಕ ಹಾಕುವುದು ನಮ್ಮ ಅತ್ತೆ ನನಗೆ ಕಲಿಸಿದ ವಿದ್ಯೆ ಅಂತ ಹೇಳಿದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ಆಕೆ ಕೇಳಿ ಒಂದೇ ಪ್ರಶ್ನೆ ಕೇಳಿದಳು.

“ಈಗಲೂ ಅದು ಸರಿ ಇರುತ್ತದೆಯೇ?”

ಇರುತ್ತದೆ ಅಂದೆ. ಹೋದ ವರ್ಷ ಕೂಡ ನನ್ನ ಸಸಿ ಛಲೋ ಬಂದಿತ್ತು.

ಹೊರಡುವ ದಿನ

ಉಳಿದ ದಿನಗಳಲ್ಲಿ ಬೇರೆ ಹಳ್ಳಿ ಸುತ್ತಿಸಿದರು, ತೋಟ ತೋರಿಸಿದರು, ನದಿಗೆ ಅಡ್ಡ ಕಟ್ಟಿದ ದೊಡ್ಡ ದೊಡ್ಡ ಬಾಗಿಲು ತೋರಿಸಿದರು. ರಾಜಾಬಿ ಎಲ್ಲವನ್ನೂ ಬರೆದುಕೊಂಡಳು. ನನ್ನ ಕಣ್ಣಿಗೆ ಯಾವುದೂ ಹತ್ತಲಿಲ್ಲ. ಸಂಜೆ ಮನೆಗೆ ಬಂದವಳೇ ಗದ್ದೆಗೆ ಓಡುತ್ತಿದ್ದೆ. ಬಿಟ್ಟ ಅರ್ಧದಲ್ಲಿ ಎಲೆಯ ತುದಿ ಮೊದಲು ಹಳದಿಯಾಯಿತು, ಆಮೇಲೆ ಸುಟ್ಟ ಕಾಗದದ ಬಣ್ಣಕ್ಕೆ ತಿರುಗಿತು. ತೆನೆ ಒತ್ತಿದರೆ ಹಾಲು ಬರಲಿಲ್ಲ. ಇನ್ನೊಂದು ಅರ್ಧ ಹಸಿರಾಗಿಯೇ ಇತ್ತು, ಆದರೆ ದಾರದ ಗುರುತಿಗೆ ಇನ್ನು ಒಂದು ಗೇಣು ಮಾತ್ರ ಉಳಿದಿತ್ತು. ಅದು ಉಳಿಯಿತೋ ಇಲ್ಲವೋ ನೋಡದೆಯೇ ನಾವು ಹೊರಡಬೇಕಾಯಿತು. ಚೀ ತು ದೋಣಿಯವರೆಗೆ ಬಂದು ಇಬ್ಬರಿಗೂ ತಲೆಗೆ ಒಂದೊಂದು ಹುಲ್ಲಿನ ಟೋಪಿ ಇಟ್ಟಳು. ರಾಜಾಬಿ ಅವಳನ್ನು ಅಪ್ಪಿಕೊಂಡು ಅತ್ತಳು. ನನಗೆ ಮುಖ ಎತ್ತಿ ನೋಡಲಾಗಲಿಲ್ಲ.

ಮನೆ

ಮೂರು ವಾರದ ಮೇಲೆ ಫೋನಿಗೆ ಒಂದು ಚಿತ್ರ ಬಂತು. ಮನೆಯ ಕಡೆಯ ಅರ್ಧ ಕೊಯ್ಲಾಗಿ ಚೀಲ ತುಂಬಿತ್ತು. ಚೀಲದ ಪಕ್ಕ ಚೀ ತು ನಿಂತಿದ್ದಳು. ನಾನು ಅದನ್ನು ದೇವರ ಮನೆಯಲ್ಲಿ ಹಿಡಿದುಕೊಂಡು ಒಂದಿಷ್ಟು ಹೊತ್ತು ಕೂತೆ, ಆಮೇಲೆ ರಾಜಾಬಿಗೆ ಕಳಿಸಿದೆ.

ಮುಂಗಾರಿನ ಹೊತ್ತಿಗೆ ಪ್ರತಿ ವರ್ಷದಂತೆ ನಮ್ಮ ಓಣಿಯವರು ಬಂದು ಪಡಸಾಲೆಯಲ್ಲಿ ಕೂತರು. ಸಸಿ ಯಾವತ್ತು ಹಾಕೋಣ ಅಂತ ಕೇಳಿದರು. ಹೇಳಲು ಬಾಯಿ ತೆರೆದೆ, ಆಗಲಿಲ್ಲ. ನನಗ ಗೊತ್ತಾಗವಲ್ದು, ಮಳೆ ಡ್ಯಾಮು ಎಲ್ಲಾ ತಿರುಗುಮುರುಗು ಆಗ್ಯಾವು, ಈ ಸಲ ಎಲ್ಲಾರೂ ಕೂಡಿ ವಿಚಾರ ಮಾಡೂಣು ಅಂದೆ. ಬೈದುಕೊಂಡಾರು, ನಿರಾಸೆಯಾದಾರು ಅಂತ ಕಾದೆ. ನಮ್ಮ ಬದುವಿಗೆ ಹೊಂದಿ ಗದ್ದೆ ಇರುವ ಈರಮ್ಮ ನೆಲ ನೋಡುತ್ತ ಕೂತಿದ್ದಳು. ಕಡೆಗೆ ಅವಳೇ ತಲೆಯೆತ್ತಿದಳು.

“ಹೋದ ವರ್ಷ ನೀವು ಹೇಳಿದ ದಿನಾನ ಹಾಕಿದ್ವಿರಿ ಅಕ್ಕಾರ. ಕಾಲುವಿಗೆ ನೀರು ತಡಾ ಬಂತು. ಸಸಿ ಮಡಿಯೊಳಗ ಬಲತು ನಾಟಿಗೆ ಬರದಂಗ ಆದ್ವು. ನಿಮಗ ಬೋರ್ ಐತಿ, ಅದರ ನೀರಿನ್ಯಾಗ ಹೊತ್ತಿಗೆ ನಾಟಿ ಮಾಡಿದ್ರಿ, ನಿಮ್ಮವು ಉಳದ್ವು. ನಾವು ಎಲ್ಲಾರೂ ಬ್ಯಾರೆ ಕಡಿಂದ ಸಸಿ ತಂದು ಹಚ್ಚಿದ್ವಿ. ನಿಮಗ ಹ್ಯಾಂಗ ಹೇಳೂದು ಅಂತ ಸುಮ್ಮನಿದ್ವಿ.”